ಕಿತ್ತಳೆ ಜಾಕೀಟಿನ ಉಡಿ

ಕಿತ್ತೂರಿನ ಹೊರವಲಯದಲ್ಲಿ, ಹೊಸ ರೈಲು ಮಾರ್ಗದ ಕೆಲಸ ನಡೆಯುವ ಜಾಗಕ್ಕೆ ಅಂಟಿಕೊಂಡೇ ತಗಡಿನ ಸೂರಿನ ಒಂದು ಖಾನಾವಳಿ ಇದೆ. ಅದರ ಒಡತಿ ಸಿದ್ದಲಿಂಗವ್ವ. ಅರವತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ, ಬಾಯಿ ಮಾತ್ರ ಇನ್ನೂ ಹರೆಯದ್ದು. ಆ ಬಾಯಿಗೆ ಹೆದರಿ ಲಾರಿಯವರು ಅವಳ ಅಂಗಳದ ಮುಂದೆ ಹಾರ್ನ್ ಒತ್ತುವುದಿಲ್ಲ. ರೊಟ್ಟಿ ಆರಿದೆ ಎಂದು ಒಬ್ಬ ಗುತ್ತಿಗೆದಾರ ಒಮ್ಮೆ ಗೊಣಗಿದ್ದಕ್ಕೆ, "ಬಿಸಿ ಬೇಕಂದ್ರ ಹಂಚಿನ ಮ್ಯಾಲ ಕುಂತು ಉಣ್ರಿ" ಅಂದಿದ್ದಳು. ಪುಣ್ಯಾತ್ಮ ಮರುದಿನದಿಂದ ತಪ್ಪದೆ ಬಂದ, ತುಟಿ ಪಿಟಕ್ಕೆನ್ನದೆ ಉಂಡು ಹೋದ.

ಈ ರೈಲಿನ ಮೇಲೆ ಅವಳಿಗೆ ಮೊದಲು ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಟಿಪ್ಪರುಗಳು ಎಬ್ಬಿಸಿದ ಧೂಳೆಲ್ಲ ಸೀದಾ ಬಂದು ಅವಳ ಸಾರಿನ ಬೋಗುಣಿಗೇ ಬೀಳುತ್ತಿತ್ತು. ಒಂದು ದಿನ ತಾಳ್ಮೆ ಕೆಟ್ಟಿತು. ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೋಗುಣಿಯನ್ನೇ ಎತ್ತಿಕೊಂಡು ಕೆಲಸದ ಜಾಗಕ್ಕೆ ನುಗ್ಗಿದಳು.

"ಇಲ್ಲಿ ಸಾಹೇಬ ಯಾಂವ? ಬಂದು ಇದನ್ನ ಉಂಡು ತೋರಸ್ಲಿ!"

ಹೆಲ್ಮೆಟ್ಟು ಹಾಕಿಕೊಂಡು, ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಒಬ್ಬ ಹುಡುಗಿ ಮುಂದೆ ಬಂದಳು. ಇಲ್ಲಿನ ಇಂಜಿನಿಯರ್ ತಾನೇ ಎಂದಳು. ಆಮೇಲೆ, ಯಾರೂ ಎಣಿಸದ ಹಾಗೆ, ಬೋಗುಣಿಯಲ್ಲಿದ್ದ ಸೌಟಿನಿಂದಲೇ ಒಂದು ಗುಟುಕು ಕುಡಿದೇಬಿಟ್ಟಳು.

"ಧೂಳು ಅದ, ಖರೇನ. ಆದ್ರ ಸಾರು ಭಾಳ ಛಲೋ ಅದರಿ. ಮಧ್ಯಾಹ್ನ ಊಟಕ್ಕ ಬರಲೇನು?"

ಜಗಳಕ್ಕೆಂದು ಹೋದವಳು ಏನು ಮಾಡಬೇಕು ಹೇಳಿ! ಬೋಗುಣಿ ಹೊತ್ತುಕೊಂಡು ಸುಮ್ಮನೆ ತಿರುಗಿ ಬಂದಳು. ಮರುದಿನದಿಂದ ನೀರಿನ ಟ್ಯಾಂಕರು ಬೆಳಿಗ್ಗೆ ಸಂಜೆ ಆ ದಾರಿಗೆ ನೀರು ಚಿಮುಕಿಸತೊಡಗಿತು.

ಹುಡುಗಿಯ ಹೆಸರು ಸುಚೇತಾ, ರಾಮದುರ್ಗದವಳು. ಚಿಕ್ಕಂದಿನಲ್ಲೇ ತಾಯಿ ಹೋಗಿದ್ದಳು. ತಂದೆ ಪುಣೆಯಲ್ಲಿರುವ ಅವಳ ಅಣ್ಣನ ಮನೆ ಸೇರಿದ ಮೇಲೆ ರಾಮದುರ್ಗದ ಮನೆಗೆ ಬೀಗ ಬಿದ್ದಿತ್ತು. ಹಬ್ಬ ಬಂತೆಂದರೆ ಎಲ್ಲರೂ ಊರಿಗೆ ಓಡಿದರೆ ಇವಳು ಖಾನಾವಳಿಯ ಒಲೆಯ ಮುಂದೆ. ಸಿದ್ದಲಿಂಗವ್ವ ತನ್ನ ಚಿಕ್ಕಮ್ಮನೇ ಎಂಬಂತೆ "ಮಾವಶಿ, ಮಾವಶಿ" ಎನ್ನುತ್ತ ರೊಟ್ಟಿ ಬಡಿಯಲು ಕಲಿತಳು. ಕಲಿತಳು ಅನ್ನುವುದು ಮರ್ಯಾದೆಯ ಮಾತು. ಅವಳ ರೊಟ್ಟಿ ನೋಡಿ ಸಿದ್ದಲಿಂಗವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಹಳಿ ಇಷ್ಟು ನೆಟ್ಟಗ ಹಾಕತಿ, ರೊಟ್ಟಿ ಯಾಕವ್ವಾ ಹಿಂಗ ಸೊಟ್ಟ?"

"ಹಳಿಗೆ ಅಳತಿ ಪಟ್ಟಿ ಅದ ಮಾವಶಿ, ರೊಟ್ಟಿಗೆ ಎಲ್ಲಿ ಅದ?"

ಮಕ್ಕಳಿಲ್ಲದ ಸಿದ್ದಲಿಂಗವ್ವನಿಗೆ ಅವಳನ್ನು ಕಂಡರೆ ಜೀವ. ಬಾಯಿಬಿಟ್ಟು ಹೇಳುವವಳಲ್ಲ, ಅವಳ ತಟ್ಟೆಗೆ ಬೆಣ್ಣೆ ಒಂದು ಮುದ್ದೆ ಹೆಚ್ಚು ಬೀಳುತ್ತಿತ್ತು ಅಷ್ಟೆ. ಮೊದಲ ರೈಲಿನಲ್ಲಿ ಇಬ್ಬರೂ ಕಿಟಕಿಯ ಪಕ್ಕ ಕೂತು ಹೋಗುವುದೆಂದು ಮಾತಾಗಿತ್ತು. ಆದರೆ ಹಳಿ ಕಿತ್ತೂರು ಮುಟ್ಟುವ ಮೊದಲೇ ಸುಚೇತಾಳಿಗೆ ವರ್ಗವಾಯಿತು. ಅಸ್ಸಾಮಿನಲ್ಲಿ ಇನ್ನೊಂದು ಹೊಸ ಮಾರ್ಗ, ದೊಡ್ಡ ಹೊಳೆಯ ಮೇಲೊಂದು ಸೇತುವೆ. ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತಿ ದೆಹಲಿ, ಅಲ್ಲಿಂದ ಮುಂದೆ.

"ಮೊದಲನೇ ರೈಲಿಗೆ ಬಂದ ಬರ್ತೀನಿ ಮಾವಶಿ."

"ಬರಬ್ಯಾಡ ಬಿಡು. ನಾ ಏನ ರೈಲ ಕಂಡಿಲ್ಲನ?" ಎಂದು ಮುಖ ತಿರುಗಿಸಿದಳು ಸಿದ್ದಲಿಂಗವ್ವ. ಹಾಗೆಂದವಳೇ ಒಳಗೆ ಹೋಗಿ ಉಡಿಯ ಸಾಮಾನು ಹೊಂದಿಸಲು ಕೂತಳು.

ಹೆಣ್ಣುಮಗಳು ಮನೆಬಿಟ್ಟು ದೂರ ಹೊರಟರೆ ಈ ಕಡೆ ಬರಿಗೈಲಿ ಕಳಿಸುವುದಿಲ್ಲ. ಅವಳ ಸೆರಗನ್ನು ಜೋಳಿಗೆಯ ಹಾಗೆ ಹಿಡಿಸಿ, ಅದರಲ್ಲಿ ಅಕ್ಕಿ, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಬೇಕು. ತುಂಬಿಸಿಕೊಂಡವಳು ಅದರಲ್ಲೇ ಒಂದಿಷ್ಟನ್ನು ತವರುಮನೆಗೆ ತಿರುಗಿ ಕೊಟ್ಟು ಹೋಗಬೇಕು, ತವರಿನ ಗಡಿಗೆ ಎಂದೂ ಬರಿದಾಗಬಾರದೆಂದು. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ತುಂಬುವ ಕೈ ಮುತ್ತೈದೆಯದಾಗಿರಬೇಕು. ಸಿದ್ದಲಿಂಗವ್ವನ ಗಂಡ ತೀರಿ ಎಷ್ಟೋ ವರ್ಷವಾಗಿತ್ತು. ತಮ್ಮನ ಮಗಳು ಗಂಡನ ಮನೆಗೆ ಹೊರಟಾಗ ಅಕ್ಕಿ ಆರಿಸಿದವಳು ಇವಳು, ಅರಿಸಿನ ಹಚ್ಚಿದವಳು ಇವಳು, ಉಡಿ ತುಂಬುವ ಹೊತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತವಳೂ ಇವಳೇ. ಬೇಡ ಎಂದು ಯಾರೂ ಅಂದಿರಲಿಲ್ಲ. ತಾನೇ ಹಿಂದೆ ಸರಿದಿದ್ದಳು. ಬಾ ಎಂದೂ ಯಾರೂ ಅನ್ನಲಿಲ್ಲ, ಅದು ಅವಳಿಗೆ ಇವತ್ತಿಗೂ ನೋವು.

ಅದಕ್ಕೇ ಪಕ್ಕದ ಮನೆಯ ಗಂಗಾಳನ್ನು ಒಪ್ಪಿಸಿದ್ದಳು. ಹೊರಡುವ ದಿನ ಸುಚೇತಾ ಖಾನಾವಳಿಗೆ ಬರುವುದು, ಗಂಗಾ ಉಡಿ ತುಂಬುವುದು, ತಾನು ದೂರ ನಿಂತು ನೋಡುವುದು.

ಆ ದಿನ ಬೆಳಿಗ್ಗೆ ಫೋನು ಬಂತು. ಇದೇ ಮಾರ್ಗದ ಆ ತುದಿಯಲ್ಲಿ, ದೂರದ ಹಳ್ಳದ ಸೇತುವೆಗೆ ಉಕ್ಕಿನ ತೊಲೆ ಏರಿಸುವ ಕೆಲಸ ತಡವಾಗಿದೆ, ಖಾನಾವಳಿಗೆ ಬರಲು ಹೊತ್ತಿಲ್ಲ, ಕೆಲಸದ ಜಾಗದಿಂದಲೇ ನೇರ ವಿಮಾನ ನಿಲ್ದಾಣಕ್ಕೆ. "ಸಿಟ್ಟಾಗಬ್ಯಾಡ ಮಾವಶಿ," ಎಂದಳು ಸುಚೇತಾ. ದನಿ ಸಣ್ಣದಾಗಿತ್ತು.

"ಬರೇ ಉಡೀಲೆ ಕಳಸಾಕ ನೀಯೇನು ಬ್ಯಾರೆಯವರ ಮಗಳನ?" ಎಂದು ಸಿದ್ದಲಿಂಗವ್ವ ಫೋನು ಕುಕ್ಕಿದಳು. ನೆಟ್ಟಗೆ ಗಂಗಾಳ ಮನೆಗೆ ಓಡಿದಳು.

ಗಂಗಾ ಹಿತ್ತಲಲ್ಲಿ ಎಮ್ಮೆಯ ಬೆನ್ನು ಸವರುತ್ತಿದ್ದಳು. "ನಾ ಹೆಂಗ ಬರ್ಲಿ ಯಕ್ಕಾ? ಎಮ್ಮಿ ಈಯಾಕ ಹತ್ತೈತಿ!"

"ಇದಕ್ಕೂ ಇವತ್ತ ಬೇಕಾಗಿತ್ತನ!" ಎಂದು ಎಮ್ಮೆಯನ್ನು ಬೈದು, ಆಮೇಲೆ ಪಾಪ ಅನ್ನಿಸಿ ಅದರ ಹಣೆ ಮುಟ್ಟಿ, ಸಿದ್ದಲಿಂಗವ್ವ ರಸ್ತೆಗೆ ಬಂದಳು. ಖಾನಾವಳಿಗೆ ಕಾಯಿಪಲ್ಲೆ ತರುವ ಬಾಳು ಆಗಷ್ಟೇ ತನ್ನ ಸಣ್ಣ ಟೆಂಪೋ ನಿಲ್ಲಿಸಿ ಬದನೆಕಾಯಿ ಇಳಿಸುತ್ತಿದ್ದ.

"ಬಾಳು, ತಿರಗಸು ಗಾಡಿ. ವಿಮಾನದ ಹಂತೇಕ ನಡಿ."

"ಯಕ್ಕಾ, ಬದನಿಕಾಯಿ…"

"ಅವೂ ವಿಮಾನ ನೋಡ್ಲಿ, ನಡಿ!"

ಹೆದ್ದಾರಿಯಲ್ಲಿ ಲಾರಿಗಳ ಸಾಲು, ರಸ್ತೆ ಕೆಲಸ, ಒಂದು ಕಡೆ ಎತ್ತಿನ ಬಂಡಿ. ಬಾಳು ಆದಷ್ಟು ಜೋರಾಗಿ ಓಡಿಸಿದ. ಸಿದ್ದಲಿಂಗವ್ವ ಉಡಿಯ ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಲೆಕ್ಕ ಹಾಕುತ್ತಿದ್ದಳು. ಅಷ್ಟು ದೊಡ್ಡ ಜಾಗದಲ್ಲಿ ಕುಂಕುಮ ಬಳೆ ಇರುವ ಒಬ್ಬ ಹೆಣ್ಣುಮಗಳು ಸಿಗದೆ ಇರುತ್ತಾಳೆಯೇ?

ಸಾಂಬ್ರಾದ ನಿಲ್ದಾಣದ ಬಾಗಿಲಲ್ಲಿ ಇಳಿದರೆ, ಸಿಕ್ಕರು, ಯಾಕೆ ಸಿಗುವುದಿಲ್ಲ! ಒಬ್ಬಳು ಕೈಯಲ್ಲಿ ಫೋನು ಹಿಡಿದು ಯಾರಿಗೋ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು, ತಿರುಗಿ ನೋಡಲಿಲ್ಲ. ಇನ್ನೊಬ್ಬಳು ಉಡಿಯ ಚೀಲ ಕಂಡು ಏನೋ ಮಾರಲು ಬಂದಿದ್ದಾಳೆಂದು ಬೇಡ ಬೇಡ ಎಂದು ಕೈ ಆಡಿಸಿದಳು. ಮೂರನೆಯವಳು ಒಳ್ಳೆಯವಳು, ಖುಷಿಯಿಂದ ಒಪ್ಪಿದಳು. ಅಷ್ಟರಲ್ಲಿ ಗಂಡ ಕರೆದ, ಎಳೆಯುವ ಪೆಟ್ಟಿಗೆಯ ಜೊತೆ ಒಳಗೆ ಹೋಗಿಬಿಟ್ಟಳು. ಸಿದ್ದಲಿಂಗವ್ವನ ಕಣ್ಣಿಗೆ ನೀರು ಬಂತು. ಅದೇ ಹೊತ್ತಿಗೆ ಕಾರಿನಿಂದ ಸುಚೇತಾ ಇಳಿದಳು. ಪ್ಯಾಂಟು, ಅಂಗಿ, ಅದರ ಮೇಲೆ ಅದೇ ಕಿತ್ತಳೆ ಜಾಕೀಟು, ಬೂಟಿನ ತುಂಬ ಮಣ್ಣು.

"ಮಾವಶಿ! ನೀ ಇಲ್ಲಿ?" ಎಂದು ಓಡಿ ಬಂದು ತಬ್ಬಿದಳು.

"ಮೊದಲ ಬಿಡು. ಗಂಗಾ ಬರಲಿಲ್ಲ, ಆಕಿ ಎಮ್ಮಿ ಈಯಾಕ ಹತ್ತಿತ್ತು. ಇಲ್ಲಿ ಯಾರೂ ಸಿಗವಲ್ರು."

"ಯಾಕ ಬೇಕು ಯಾರರೆ? ನೀ ತುಂಬು."

"ಹುಚ್ಚಿ! ನಾ ತುಂಬಬಾರದು. ನಿನಗ ಛಲೋ ಆಗಬೇಕು."

ಸುಚೇತಾ ತನ್ನ ಮೈಮೇಲಿನ ಬಟ್ಟೆ ನೋಡಿಕೊಂಡಳು. ಸೆರಗಿಲ್ಲ, ಓಢಣಿಯಿಲ್ಲ. ಜಾಕೀಟಿನ ಎರಡೂ ಅಂಚು ಹಿಡಿದು ಮುಂದೆ ಚಾಚಿ, ವಿಮಾನ ನಿಲ್ದಾಣದ ಬಾಗಿಲಲ್ಲಿ ಮಂಡಿಯೂರಿ ಕೂತಳು. "ಎರಡು ವರ್ಷ ಈ ಕೈಲೆ ಉಂಡೀನಿ. ಛಲೋನ ಆಗೇದ. ತುಂಬು ಮಾವಶಿ, ವಿಮಾನ ಹೋಗ್ತದ."

ಸಿದ್ದಲಿಂಗವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಚೀಲ ಬಿಚ್ಚಿ ಅಕ್ಕಿ ಹಾಕಿದಳು, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ ಹಾಕಿದಳು, ಕಡೆಗೆ ಕೊಬ್ಬರಿ ಬಟ್ಟಲು ಇಟ್ಟಳು. ಬಾಗಿಲ ಕಾವಲಿನವನು ಪರವೂರಿನವನು, ಆದರೂ ಅರ್ಥವಾದವನಂತೆ ಜನರನ್ನು ಪಕ್ಕದಿಂದ ಕಳಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹಿಂದಿಯಲ್ಲಿ ಒಂದು ಮಾತು ಹೇಳಿದ: ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ.

ಸುಚೇತಾ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಸಿದ್ದಲಿಂಗವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ನೋಡಿದೇನ? ನನ್ನ ಕೈ ಮುಟ್ಟಿದ್ದಕ್ಕ ಹಿಂಗಾತು. ಉಡಿ ಮುರೀತು."

"ಎಲ್ಲಿ ಮುರೀತು?" ಸುಚೇತಾ ಕೊಬ್ಬರಿ ಬಟ್ಟಲನ್ನು ಎತ್ತಿ ಅವಳ ಸೆರಗಿಗೆ ಹಾಕಿದಳು. "ಉಡಿಯೊಳಗಿಂದ ತಿರುಗಿ ಕೊಟ್ಟು ಹೋಗಬೇಕಲ್ಲ? ನಾ ಇದನ್ನ ಕೊಟ್ಟೀನಿ. ಇಟಗೋ."

ಸಿದ್ದಲಿಂಗವ್ವ ಕೊಬ್ಬರಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಸುಚೇತಾ ಕಾಲುಮುಟ್ಟಿ ನಮಸ್ಕರಿಸಿ, ಅಕ್ಕಿಯ ಉಡಿಯನ್ನು ಚೀಲಕ್ಕೆ ಸುರಿದುಕೊಂಡು, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಬಾಳುವಿಗೆ ಒಂದು ಬೈಗುಳವೂ ಸಿಗಲಿಲ್ಲ. ಅವನು ಗಾಬರಿಯಾಗಿ ಎರಡು ಸಲ ನೀರು ಬೇಕೇ ಎಂದು ಕೇಳಿದ.

ಖಾನಾವಳಿಯ ಮುಂದೆ ಗಂಗಾ ಕಾಯುತ್ತ ನಿಂತಿದ್ದಳು. ಎಮ್ಮೆ ಹೆಣ್ಣುಕರು ಹಾಕಿತ್ತು. ಆ ಸುದ್ದಿ ಹೇಳಿ ಮುಗಿಸಿ, ಅಳುಕುತ್ತಲೇ ಕೇಳಿದಳು: "ಉಡಿ ಯಾರು ತುಂಬಿದ್ರು ಯಕ್ಕಾ?"

"ನಾನ ತುಂಬಿದೆ."

ಗಂಗಾಳ ಕಣ್ಣು ಸಿದ್ದಲಿಂಗವ್ವನ ಸೆರಗಿನ ಗಂಟಿನಿಂದ ಇಣುಕುತ್ತಿದ್ದ ಬಟ್ಟಲಿನ ಮೇಲೆ ಬಿತ್ತು. "ಮತ್ತ ಈ ಕೊಬ್ಬರಿ?"

ಸಿದ್ದಲಿಂಗವ್ವ ಒಳಗೆ ಹೋಗಿ ಅಕ್ಕಿಯ ಡಬ್ಬಿ ತೆರೆದು, ಕೊಬ್ಬರಿ ಬಟ್ಟಲನ್ನು ಅಕ್ಕಿಯ ಮೇಲೆ ಇಟ್ಟು, ಮುಚ್ಚಳ ಹಾಕಿದಳು.

"ಮಗಳು ತವರುಮನಿಗೆ ಕೊಟ್ಟು ಹೋಗ್ಯಾಳ," ಎಂದಳು.