ಬಿಲ್ಲೆ ಏಡಿ

ಬಸ್ಸಿನ ಕಿಟಕಿಯ ಗಾಜಿನ ಹೊರಗೆ ಹನಿಯುತ್ತಿದ್ದ ನೀರು ಒಣಗಿದಲ್ಲೆಲ್ಲ ಬಿಳಿ ಗೆರೆ ಉಳಿಯುತ್ತಿತ್ತು. ಮಳೆಯ ನೀರು ಹಾಗೆ ಗೆರೆ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಮೆಜೆಸ್ಟಿಕ್ ತಲುಪಿದಾಗ ಕಾರಣ ಕಂಡಿತು. ಬಸ್ಸಿನ ಟಾಪಿನ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ಗೋಣಿ ಹೊದಿಸಿದ, ಏಡಿ ತುಂಬಿದ ಆರು ಬಿದಿರಿನ ಬುಟ್ಟಿಗಳಿದ್ದವು. ಕುಮಟಾದಿಂದ ಹದಿಮೂರು ಗಂಟೆ ಏಡಿಗಳು ನನ್ನ ತಲೆಯ ಮೇಲೆಯೇ ಪ್ರಯಾಣ ಮಾಡಿದ್ದವು. ಎಲ್ಲಿಗೆ ಹೋಗುತ್ತವೆ ಎಂದು ಇಳಿಸುತ್ತಿದ್ದ ಹಮಾಲಿಯನ್ನು ಕೇಳಿದೆ. “ಶಿವಾಜಿನಗರಕ್ಕೆ” ಎಂದ.

ನಾನೂ ಏಡಿಗಳ ಕೆಲಸಕ್ಕೇ ಬಂದವಳು. ಸಮುದ್ರಜೀವಶಾಸ್ತ್ರ ಓದಿದ ಮೇಲೆ ಮೂರು ವರ್ಷ ಅಘನಾಶಿನಿ ಅಳಿವೆಯಲ್ಲಿ ಏಡಿಗಳ ಅಧ್ಯಯನ ಮಾಡಿದ್ದೆ. ಸೋಮವಾರ ಅದರ ವರದಿಯನ್ನು ಕಂಟೋನ್ಮೆಂಟ್ ಬಳಿಯ ಮೀನುಗಾರಿಕೆ ಇಲಾಖೆಯ ಕಚೇರಿಗೆ ಸಲ್ಲಿಸಬೇಕಿತ್ತು. ಸಾರಾಂಶವನ್ನು ನಮ್ಮ ಮಾರ್ಗದರ್ಶಕರು ಮೊದಲೇ ಅಂಚೆಯಲ್ಲಿ ಕಳುಹಿಸಿದ್ದರು. ಅಳಿವೆಯಲ್ಲಿ ಏಡಿ ಧಾರಾಳವಾಗಿದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಒಳಗೂ ವರ್ಷಪೂರ್ತಿ ಹಿಡಿಯಲು ಬಿಡಬಹುದು ಎಂಬುದು ಅದರ ತಿರುಳು. ಕಚೇರಿ ಒಪ್ಪಿದರೆ ಆ ವರ್ಷವೇ ಕಾಡಿನೊಳಗೆ ಬಲೆ ಇಳಿಯುತ್ತಿತ್ತು. ನನ್ನ ತಾತ್ಕಾಲಿಕ ಹುದ್ದೆಯೂ ಕಾಯಂ ಆಗುತ್ತಿತ್ತು.

ಉಳಿದುಕೊಂಡದ್ದು ಹಲಸೂರಿನಲ್ಲಿ, ಸುನಂದಾಳ ಬಾಡಿಗೆ ಕೋಣೆಯಲ್ಲಿ. ರಾಯಚೂರಿನವಳು, ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು, ಈಗ ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಉಪ್ಪಿಟ್ಟು ತಿನ್ನುತ್ತ, ಮೀನು ಮಾರುಕಟ್ಟೆ ನೋಡಬೇಕೆಂದೆ.

“ಲಾಲ್‌ಬಾಗ್ ತೋರಸ್ತೀನಂದ್ರ ಏಡಿ ನೋಡತಾಳಂತ. ಊರಾಗ ಸಾಲಲಿಲ್ಲೇನು ನಿನಗ?” ಎಂದಳು. ಆದರೂ ಚಪ್ಪಲಿ ಮೆಟ್ಟಿದಳು.

ಶಿವಾಜಿನಗರ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮಾರುಕಟ್ಟೆಯೊಳಗೆ ಮಂಜುಗಡ್ಡೆ ಕರಗಿ ನೆಲವೆಲ್ಲ ಜಾರುತ್ತಿತ್ತು. ಸುನಂದಾ ಸೆರಗಿನಿಂದ ಮೂಗು ಮುಚ್ಚಿ, ನನ್ನ ತೋಳು ಹಿಡಿದು ನಡೆದಳು. ಏಡಿಯ ಸಾಲಿನ ಕೊನೆಯಲ್ಲಿ ಇಕ್ಬಾಲ್ ಎಂಬ ನಡುವಯಸ್ಸಿನ ವ್ಯಾಪಾರಿಯ ಕಟ್ಟೆ. ಅವನ ಮುಂದೆ ಎರಡು ಗುಡ್ಡೆಗಳಿದ್ದವು. ಗಾತ್ರ ಒಂದೇ, ಎಡಗಡೆಯದಕ್ಕೆ ಬೆಲೆ ಹೆಚ್ಚು.

ಯಾಕೆ ಎಂದು ಕೇಳಿದೆ.

“ಅದು ಬಿಲ್ಲೆ ಐಟಂ ಅಮ್ಮಾ. ಗೌರ್ಮೆಂಟ್ ಚೆಕ್ ಮಾಡಿ ಬಿಲ್ಲೆ ಹಾಕವ್ರೆ. ಹೋಟೆಲೋರು ಬೇರೆ ಮುಟ್ಟಲ್ಲ.”

ಒಂದನ್ನು ಎತ್ತಿ ತಿರುಗಿಸಿ ತೋರಿಸಿದ. ಬೆನ್ನುಚಿಪ್ಪಿನ ಹಿಂದಿನ ಸಂದಿಯಲ್ಲಿ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ 177. ಏಳಕ್ಕೆ ನಡುವೆ ಅಡ್ಡಗೆರೆ ಎಳೆಯುವುದು ನನ್ನ ರೂಢಿ. ಎರಡು ಏಳಕ್ಕೂ ಗೆರೆ ಇತ್ತು.

ಅದು ನನ್ನದೇ ಕೈಬರಹ. ಆ ಏಡಿಯನ್ನು ನಾನು ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನೀರಿಗೆ ಬಿಟ್ಟಿದ್ದೆ. ನಮ್ಮ ವಿಧಾನ ಸರಳ. ಏಡಿ ಹಿಡಿದು, ಬಿಲ್ಲೆ ಸಿಕ್ಕಿಸಿ ಬಿಡುವುದು. ಮುಂದೆ ಬಲೆಗಾರರು ತರುವ ಬುಟ್ಟಿಗಳಲ್ಲಿ ಬಿಲ್ಲೆಯವು ಎಷ್ಟು ಸಿಗುತ್ತವೆ ಎಂದು ನೋಡುವುದು. ಅವು ಕಡಿಮೆ ಸಿಕ್ಕಷ್ಟೂ ನೀರಿನಲ್ಲಿ ಏಡಿಗಳ ಒಟ್ಟು ಸಂಖ್ಯೆ ಹೆಚ್ಚು ಎಂದು ಲೆಕ್ಕ. ನೂರಾರು ಏಡಿಗೆ ಬಿಲ್ಲೆ ಹಾಕಿ, ತಿಂಗಳುಗಟ್ಟಲೆ ದಡದಲ್ಲಿ ಕೂತು ನೋಡಿದರೂ ನನಗೆ ಹತ್ತು ಬಿಲ್ಲೆಯೂ ಸಿಗಲಿಲ್ಲ. ಧಾರಾಳವಾಗಿದೆ ಎಂದು ಬರೆದದ್ದು ಅದರಿಂದಲೇ.

“ಇವು ನಿಮಗೆ ಹೇಗೆ ಸಿಗುತ್ತವೆ?”

“ಬಲೆ ಹಾಕೋರಿಗೆ ಹೇಳ್ಬಿಟ್ಟಿದ್ದೀನಿ. ಬಿಲ್ಲೆ ಇರೋದನ್ನ ಅಲ್ಲೇ ಆರಿಸಿ ಬೇರೆ ಬುಟ್ಟಿಗೆ ಹಾಕಿ, ರೇಟ್ ಜಾಸ್ತಿ ಕೊಡ್ತೀನಿ ಅಂತ. ಬಿಲ್ಲೆ ಸಿಕ್ಕೋ ಜಾಗದಲ್ಲೇ ಹುಡುಕ್ತಾರಮ್ಮಾ ಅವ್ರು. ಆದ್ರೆ ಈಗ ಕಡಿಮೆ ಬರ್ತಿದೆ. ಯಾರೋ ಒಬ್ಬ ಮೇಡಂ ಹಾಕೋದಂತೆ, ಸೋಂಬೇರಿ ಆಗ್ಬಿಟ್ಟವ್ರೆ.”

ಸುನಂದಾ ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ನನ್ನ ದೋಣಿ ನಡೆಸುತ್ತಿದ್ದ ಗಣಪು ಪ್ರತಿ ಸಲ ಕೇಳುತ್ತಿದ್ದ: “ಅಕ್ಕೋರೆ, ಬಿಲ್ಲೆ ಇನ್ನೂ ಉಂಟಲ? ಇನ್ನೊಂದಷ್ಟು ಹಾಕ್ವ.” ವಿಜ್ಞಾನದ ಬಗ್ಗೆ ಅವನಿಗಿರುವ ಆಸಕ್ತಿ ಎಂದು ನಾನು ಡೈರಿಯಲ್ಲಿ ಬರೆದಿದ್ದೆ.

ಆ ಮೇಡಂ ನಾನೇ ಎಂದು ಹೇಳಿದೆ. ಇಕ್ಬಾಲ್ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಬಿಟ್ಟ. ಕಟ್ಟೆಯ ಕೆಳಗಿನಿಂದ ತಂತಿಗೆ ಪೋಣಿಸಿದ ಬಿಲ್ಲೆಗಳ ಗೊಂಚಲು ತೆಗೆದ. “ಸತ್ತೋಗಿದ್ದ ಏಡಿದು. ಎಸೆಯೋಕೆ ಮನಸ್ಸು ಬರ್ಲಿಲ್ಲ. ತಗೊಳ್ಳಿ. ತಪ್ಪಾಯ್ತಾ ಅಮ್ಮಾ?”

“ನಿಮ್ಮದಲ್ಲ” ಎಂದೆ. ಗೊಂಚಲನ್ನು ಚೀಲಕ್ಕೆ ಹಾಕಿಕೊಂಡೆ.

ಗೊಂಚಲಿನಲ್ಲಿ ನಲವತ್ತೊಂದು ಇದ್ದವು. ಕೋಣೆಗೆ ಮರಳಿ ಅಷ್ಟನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಸುನಂದಾ ವರದಿಯ ಲೆಕ್ಕವನ್ನು ತಾನೇ ಮತ್ತೆ ಮಾಡಿ ನೋಡಿದಳು.

“ಗುಣಾಕಾರ ಎಲ್ಲಾ ಸರಿ ಅದ. ಆದ್ರ ಬುಟ್ಟಿ ನಿನ್ನ ಮುಂದ ಬರೂದಕ್ಕಿಂತ ಮೊದ್ಲ ಆರಿಸಿ ತಗದಿದ್ರ, ಪಾಪ, ಗುಣಾಕಾರ ಏನ್ಮಾಡ್ತದ?”

ಸಂಜೆ ಕೆರೆಯ ಬಳಿಯ ಎಸ್‌ಟಿಡಿ ಬೂತಿನಿಂದ ಕಾರವಾರಕ್ಕೆ ಫೋನ್ ಮಾಡಿ ನಮ್ಮ ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ.

“ಸಲ್ಲಿಸಿ ಬಾ. ಆಮೇಲೆ ತಿದ್ದುಪಡಿ ಕಳಿಸೋಣ. ನಿನ್ನ ಪೋಸ್ಟಿನ ಫೈಲು ಇದರ ಮೇಲೇ ನಿಂತಿದೆ, ನೆನಪಿರಲಿ” ಎಂದರು.

“ತಿದ್ದುಪಡಿ ಬರೋ ಹೊತ್ತಿಗೆ ಕಾಂಡ್ಲಾ ಒಳಗೆ ಏಡಿ ಇರೋದಿಲ್ಲ, ಸರ್. ಅಲ್ಲಿ ಎಷ್ಟಿವೆ ಅಂತ ನಮಗೆ ಗೊತ್ತೇ ಇಲ್ಲ.”

ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. “ನಿನ್ನಿಷ್ಟ” ಎಂದು ಅವರು ಫೋನ್ ಇಟ್ಟುಬಿಟ್ಟರು. ದುಡ್ಡು ಕೊಟ್ಟು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಕಚೇರಿಯಲ್ಲಿದ್ದೆ. ಸ್ವೀಕೃತಿ ವಿಭಾಗದ ಗುಮಾಸ್ತರು ಕೈ ಚಾಚಿದರು. ವರದಿಯನ್ನು ಚೀಲದಲ್ಲೇ ಬಿಟ್ಟು, ಸಾರಾಂಶವನ್ನು ಹಿಂತೆಗೆದುಕೊಳ್ಳುವ ಅರ್ಧ ಪುಟದ ಪತ್ರ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು.

“ಸಲ್ಲಿಸೋಕೆ ರಿಜಿಸ್ಟರ್ ಇದೆ ಮೇಡಂ. ವಾಪಸ್ ತಗೊಳ್ಳೋಕೆ ಇಲ್ಲ.”

“ಸಲ್ಲಿಸೋದರಲ್ಲೇ ಬರೀರಿ” ಎಂದೆ.

ಬರೆದರು. ಕಾರಣ ಎಂಬ ಕಾಲಮಿಗೆ ಬಂದು ತಲೆಯೆತ್ತಿದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು, ‘ಎಣಿಕೆ ತಪ್ಪಾಗಿದೆ, ತಪ್ಪು ನನ್ನದು’ ಎಂದು ನಾನೇ ಬರೆದು ಸಹಿ ಮಾಡಿದೆ.