ಡಬ್ಬಿಯೊಳಗಿನ ಮೃತ್ತಿಕೆ

ನಮ್ಮ ಇಳಕಲ್ಲಿನ ಮನೆಮಂದಿಯೆಲ್ಲ ನಲವತ್ತು ವರ್ಷ ಭಕ್ತಿಯಿಂದ ಕುಡಿದ ಮಣ್ಣಿಗೆ ನಾನೇ ಹೊಣೆ. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ನಿಮ್ಮೆದುರು ಮುಚ್ಚಿಡುವುದೇನು!

ಘಟಪ್ರಭೆಯ ದಂಡೆಯಲ್ಲಿ ನಮ್ಮ ಯತಿಗಳ ನಾಲ್ಕು ಬೃಂದಾವನಗಳಿವೆ. ಆ ಕಲ್ಲಿನೊಳಗೆ ಗುರುಗಳು ಇನ್ನೂ ತಪಸ್ಸಿಗೆ ಕೂತಿದ್ದಾರೆಂದು ನಂಬಿಕೆ. ಅಲ್ಲಿಯ ಪವಿತ್ರ ಮಣ್ಣೇ ಮೃತ್ತಿಕೆ. ಅವ್ವ ಅದನ್ನು ತಾಮ್ರದ ಡಬ್ಬಿಯಲ್ಲಿ ದೇವರ ಮುಂದೆ ಇಟ್ಟಿದ್ದಳು. ಜ್ವರ ಬರಲಿ, ಪರೀಕ್ಷೆ ಬರಲಿ, ಸಾಸಿವೆಯಷ್ಟನ್ನು ನೀರಿನಲ್ಲಿ ಕದಡಿ ಕುಡಿಸುವಳು. ಅಣ್ಣ ಗಣಿತದಲ್ಲಿ ಪಾಸಾದದ್ದು ಅದರಿಂದಲೇ ಎಂದು ಅವಳ ವಾದ. ಅಣ್ಣನ ಗಣಿತ ಬಲ್ಲವರಾರೂ ಎದುರಾಡಲಿಲ್ಲ.

ಎಂಟನೇ ವಯಸ್ಸಿನಲ್ಲಿ, ಅಡಿಗೆ ಆಟಕ್ಕೆ ಪಾತ್ರೆ ಸಾಲದೆ, ಆ ಡಬ್ಬಿಯನ್ನು ಎತ್ತಿಕೊಂಡು ಹೋದೆ. ಮೃತ್ತಿಕೆಯ ಸಾರು ಮಾಡಿ, ಗೊಂಬೆಗೆ ಬಡಿಸಿ, ಡಬ್ಬಿಯನ್ನು ತೊಳೆದೂ ಇಟ್ಟೆ. ಆಮೇಲೆ ನೆನಪಾಯಿತು, ಅದು ದೇವರ ಮುಂದಿನ ಡಬ್ಬಿ. ಪಕ್ಕದ ಮನೆಯ ನೇಕಾರ ಮಾಮಾ ಅಂದು ಹೊಸ ಮಗ್ಗಕ್ಕೆ ಕಾಲಿಳಿಬಿಡುವ ಕುಣಿ ತೋಡುತ್ತಿದ್ದರು. ಬಣ್ಣ ಹೆಚ್ಚುಕಡಿಮೆ ಅದೇ. ಆ ಮಣ್ಣನ್ನೇ ಸೋಸಿ ತುಂಬಿಸಿಟ್ಟೆ. ಒಂದು ಜಡವಸ್ತುವಿಗೂ ಇನ್ನೊಂದಕ್ಕೂ ಭೇದವುಂಟು ಎಂಬುದು ನಮ್ಮ ದ್ವೈತದ ಪಂಚಭೇದಗಳಲ್ಲೊಂದು. ಪಂಡಿತರು ಅದಕ್ಕಾಗಿ ಗ್ರಂಥಗಳನ್ನೇ ಓದುತ್ತಾರೆ. ನನಗೆ ಒಂದೇ ಮಧ್ಯಾಹ್ನದಲ್ಲಿ ಮನದಟ್ಟಾಯಿತು. ಮುಂದೆ ಟೈಫಾಯ್ಡ್ ಬಂದಾಗ ನಾನೂ ಅದನ್ನೇ ಕುಡಿದು ಎದ್ದೆ. ಯಾರಿಗೆ ನಮಸ್ಕಾರ ಹಾಕಬೇಕೋ ತಿಳಿಯದೆ ಮಗ್ಗದ ಕಡೆಗೂ ಒಮ್ಮೆ ಕೈಮುಗಿದೆ.

ಈ ವರ್ಷ ಅವ್ವನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಒಂದು ಕಣ್ಣು ಮೊದಲೇ ಹೋಗಿದೆ, ಉಳಿದದ್ದು ಇದೊಂದೇ.

"ದವಾಖಾನಿಗೆ ಹೋಗೂ ಮುಂದ ಹಣಿಗೆ ಮೃತ್ತಿಕಿ ಹಚ್ಚಿಕೊಂಡ ಹೋಗ್ತೇನಿ. ನನಗ ಅದರದ ಧೈರ್ಯ" ಎಂದಳು.

ಸುಳ್ಳು ಧೈರ್ಯದ ಮೇಲೆ ಅವಳನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನವೇ ಬಸ್ಸು ಹತ್ತಿದೆ.

ಬೃಂದಾವನದ ಸುತ್ತ ಈಗ ತಗಡಿನ ನೆರಳಿದೆ, ಕಾಲಿಗೆ ಚಾಪೆಯಿದೆ. ನಾನು ಚಿಕ್ಕವಳಿದ್ದಾಗ ಬರೀ ಕಾದ ಕಲ್ಲು. ಅವ್ವನ ಕೆಂಪು ಸೆರಗು ಹಿಡಿದು ಪ್ರದಕ್ಷಿಣೆ ಹಾಕುತ್ತ, ಅವಳ ನೆರಳು ಬಿದ್ದಲ್ಲೇ ಹೆಜ್ಜೆ ಇಡುತ್ತಿದ್ದೆ. ಆ ನೆರಳು ಬೇಕೆನಿಸಿ ಕಣ್ಣು ತುಂಬಿತು. ಅರ್ಚಕರು ಮೃತ್ತಿಕೆಯನ್ನು ಕಾಗದದಲ್ಲಿ ಕಟ್ಟಿಕೊಟ್ಟರು.

ಮನೆಗೆ ಬಂದು ಎಲ್ಲ ಒಪ್ಪಿಕೊಂಡೆ. ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ಆಮೇಲೆ ಪೊಟ್ಟಣ ಬಿಚ್ಚಿ, ಹೊಸದನ್ನು ಹಳೆಯದರ ಮೇಲೇ ಸುರಿದಳು.

"ಅವ್ವಾ, ಹಳೇದು ಮಗ್ಗದ ಕುಣಿ ಮಣ್ಣು!"

"ಇರಲಿ ಬಿಡು. ನಲವತ್ತ ವರ್ಷ ದೇವರ ಮುಂದ ಅಲ್ಲಾಡದ ಕೂತದ. ನೀನೂ ಹಂಗ ಕೂತಿದ್ರ ಇಷ್ಟೊತ್ತಿಗೆ ಶಾಣ್ಯಾಕಿ ಆಗ್ತಿದ್ದಿ."

ತನ್ನ ಹಣೆಗೆ ಹಚ್ಚಿಕೊಂಡು, ತಡವರಿಸಿ ನನ್ನ ಹಣೆಗೂ ಹಚ್ಚಿದಳು.

ಆಪರೇಷನ್ ಆಗಿ, ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಮೊದಲು ಆ ಡಬ್ಬಿಯನ್ನೇ ತರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಣ್ಣ ಚಲೋ ಕಾಣಸ್ತದ ಖರೆ. ಯಾವುದು ಯಾವ ಮಣ್ಣು, ಅದಷ್ಟ ಗೊತ್ತಾಗವಲ್ದು" ಎಂದು ಸಮಾಧಾನದಿಂದ ಮುಚ್ಚಿಟ್ಟಳು.