ಪ್ರತಿಕೂಲ ಸಾಕ್ಷಿ

ನನ್ನ ತಮ್ಮ ಹೂಟಗಳ್ಳಿಯ ಕಾರ್ಖಾನೆಯಿಂದ ಬೈಕಿನಲ್ಲಿ ಮನೆಗೆ ಬರುವಾಗ ಕಾರೊಂದು ಗುದ್ದಿ ಸತ್ತ. ಕಾರು ಓಡಿಸುತ್ತಿದ್ದವನ ಮುಖ ಕಂಡಿದ್ದವನು ಒಬ್ಬನೇ, ರಸ್ತೆ ಬದಿಯ ಟೀ ಅಂಗಡಿಯವನು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟವನೂ ಅವನೇ. ವೈಕುಂಠ ಸಮಾರಾಧನೆಯ ದಿನ ಅಗ್ರಹಾರದ ನಮ್ಮ ಮನೆಗೆ ಬಂದು, ಊಟ ಮಾಡಿ, "ಅವನ್ನ ಬುಡಲ್ಲ ಕಣಮ್ಮ, ಕೋರ್ಟಲ್ಲಿ ಬೆರಳು ಮಾಡಿ ತೋರಿಸ್ತೀನಿ" ಎಂದು ಅಮ್ಮನಿಗೆ ಮಾತು ಕೊಟ್ಟಿದ್ದ.

ಪ್ರಕರಣ ಸರ್ಕಾರದ್ದು, ನಮ್ಮದಲ್ಲ ಎಂಬುದು ನನಗೆ ನ್ಯಾಯಾಲಯಕ್ಕೆ ಹೋದ ಮೇಲೆಯೇ ತಿಳಿದದ್ದು. ವಾದಿಸುವವರು ಸರ್ಕಾರಿ ವಕೀಲರು. ನಾನು ಹಿಂದಿನ ಬೆಂಚಿನಲ್ಲಿ ಕೂರಬಹುದು, ಅಷ್ಟೆ. ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಹಾದರೆ ಸೆಂಟಿನ ವಾಸನೆ.

ಟೀ ಅಂಗಡಿಯವನು ಕಟಕಟೆ ಹತ್ತಿ ಪ್ರಮಾಣ ಮಾಡಿದ.

"ಕಾರು ಓಡಿಸ್ತಿದ್ದವರು ಇವರೇನಾ?" ಸರ್ಕಾರಿ ವಕೀಲರು ಕೇಳಿದರು.

ಅವನು ಆರೋಪಿಯ ಕಡೆ ತಿರುಗಲೇ ಇಲ್ಲ. "ಗೊತ್ತಿಲ್ಲ ಸ್ವಾಮಿ. ಹಾಲು ಕಾಯಿಸ್ತಿದ್ದೆ. ಸದ್ದು ಕೇಳಿ ಆಚೆ ಬಂದೆ."

"ಪೊಲೀಸರಿಗೆ ಇವರೇ ಅಂತ ಹೇಳಿದ್ರಲ್ರೀ?"

"ಅಂಗೆ ನಾನು ಹೇಳೇ ಇಲ್ಲ."

ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ, ತಾವೇ ಕರೆಸಿದವನಿಗೆ ತಾವೇ ಪಾಟೀಸವಾಲು ಹಾಕಿದರು. ಎಲ್ಲಕ್ಕೂ ಅವನದು "ಸುಳ್ಳು" ಎಂಬ ಒಂದೇ ಉತ್ತರ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದರ ಮೇಲೆ ಯಾರಿಗೂ ಶಿಕ್ಷೆ ಕೊಡಲಾಗದು ಎಂದು ವಕೀಲರು ಆಮೇಲೆ ನನಗೆ ವಿವರಿಸಿದರು. "ಇದೆಲ್ಲ ಮಾಮೂಲು ಕಣಮ್ಮ" ಎಂದು ಆಕಳಿಸಿದರು.

ಹೊರಗೆ ಆಟೋ ಹತ್ತಿದೆ. ಟೀ ಅಂಗಡಿಯವನು ಓಡಿ ಬಂದ. "ಅಕ್ಕ, ಬಸ್ ಸ್ಟ್ಯಾಂಡ್ ಕಡೆಗಾ? ನಾನೂ ಬತ್ತೀನಿ." ಬೇಡ ಅನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ.

"ತಪ್ಪು ತಿಳ್ಕೋಬೇಡಿ. ನನ್ನಂಗಡಿ ಇರೋದು ಆ ಕಾರಿನವರ ಜಾಗದಲ್ಲಿ. ಎಬ್ಬಿಸಿಬುಟ್ರೆ ಎಲ್ಲಿಗೋಗ್ಲಿ? ನಿಮ್ಮ ತಮ್ಮ ಚಿನ್ನದಂಥ ಮನುಷ್ಯ ಕಣಕ್ಕ. ಸಕ್ಕರೆ ಕಮ್ಮಿ ಟೀ ಕುಡೀತಿದ್ರು."

ಅವನ ಮೊಣಕೈ ನನಗೆ ತಾಗುತ್ತಿತ್ತು. ನಡುದಾರಿಯಲ್ಲಿ ಆಟೋ ನಿಲ್ಲಿಸಿ "ಇಳೀರಿ" ಎಂದೆ.

"ಇಲ್ಲೇನಾ?"

"ಇಲ್ಲೇ."

ಇಳಿದು ಕೈ ಮುಗಿದ, ನಗುತ್ತಲೇ.

ಆರೋಪಿ ಸಂಶಯದ ಲಾಭ ಪಡೆದು ಖುಲಾಸೆಯಾದ. ಆ ಕಾರು ಓಡಿಸುತ್ತಿದ್ದವರು ಯಾರು ಎಂಬುದು ಕಾನೂನಿಗೆ ಇನ್ನೂ ಗೊತ್ತಿಲ್ಲ. ನಮ್ಮ ಬೀದಿಗೆಲ್ಲ ಗೊತ್ತು.